ಹಗುರ ಡೆಸ್ಕ್‌ಟಾಪ್ ಆರಿಸಿಕೊಂಡರೆ ನಿಮ್ಮ ಪಾಲಿಗೆ ಬರುವ ಕೆಲಸಗಳು

ಬೆಂಗಳೂರಿನ ಎಸ್.ಪಿ. ರೋಡಿನಿಂದ 4 ಜಿಬಿ ರ್‍ಯಾಮಿನ ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ತಂದವರು ಮೊದಲು ಒಂದು ಅಳತೆ ಮಾಡಿ ನೋಡಿ. ಲಿನಕ್ಸ್‌ಗೆ ಲಾಗಿನ್ ಆಗಿ, ಏನನ್ನೂ ತೆರೆಯದೆ ಎರಡು ನಿಮಿಷ ಬಿಟ್ಟು, ಟರ್ಮಿನಲ್‌ನಲ್ಲಿ ‘ಫ್ರೀ -ಎಚ್’ ಕೊಡಿ. ನೋಡಬೇಕಾದದ್ದು ‘ಅವೈಲಬಲ್’ ಕಾಲಂ, ‘ಫ್ರೀ’ ಅಲ್ಲ. ಖಾಲಿ ಮೆಮೊರಿಯನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಕ್ಯಾಶ್‌ಗೆ, ಅಂದರೆ ಡಿಸ್ಕಿನಿಂದ ಓದಿದ್ದನ್ನು ಕೈಗೆಟುಕುವಂತೆ ಇಡಲು, ಬಳಸಿಕೊಳ್ಳುವುದರಿಂದ ‘ಫ್ರೀ’ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ಗ್ನೋಮ್ ಎಂಬ ದೊಡ್ಡ ಡೆಸ್ಕ್‌ಟಾಪ್ ಇದ್ದರೆ ಆಗಲೇ ಸುಮಾರು 1ರಿಂದ 1.5 ಜಿಬಿ ಹೋಗಿರುತ್ತದೆ. ಹಗುರ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇಯಲ್ಲಿ 500–800 ಎಂಬಿ, ವಿಂಡೋಗಳನ್ನು ಜೋಡಿಸುವುದಷ್ಟೇ ಮಾಡುವ ಐ3 ವಿಂಡೋ ಮ್ಯಾನೇಜರ್ ಮಾತ್ರ ಹಾಕಿದರೆ 300–400 ಎಂಬಿ ಆಸುಪಾಸು.

ಗ್ನೋಮ್ ಬಿಟ್ಟು ಉಳಿಸಿದ ಸುಮಾರು ಒಂದು ಜಿಬಿಯನ್ನು ಬ್ರೌಸರ್‌ನ ಹತ್ತು ಟ್ಯಾಬ್ ತಿಂದುಹಾಕಬಲ್ಲವು. ಹಾಗಾಗಿ ರ್‍ಯಾಮ್ ಉಳಿಸುವುದಷ್ಟೇ ಉದ್ದೇಶವಾದರೆ ಇನ್ನೊಂದು 4 ಜಿಬಿ ಹಾಕಿಸುವುದೇ ಸುಲಭದ ದಾರಿ. 8 ಜಿಬಿಗಿಂತ ಹೆಚ್ಚಿದ್ದ ಮೇಲೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಐ3 ಆರಿಸಲು ನನಗೆ ಕಾಣುವ ನಿಜವಾದ ಕಾರಣ ಬೇರೆ. ಫೈಲ್‌ಗಳ ಇಂಡೆಕ್ಸ್ ಮಾಡುವುದು, ಅಪ್‌ಡೇಟ್ ಹುಡುಕುವುದು, ಕ್ಯಾಲೆಂಡರ್ ಕಾಯುವುದು, ಇಂಥವನ್ನು ದೊಡ್ಡ ಡೆಸ್ಕ್‌ಟಾಪ್ ತಾನಾಗಿ ಶುರುಮಾಡುತ್ತದೆ. ಐ3ಯಲ್ಲಿ ಓಡುವುದು ನಾವು ಹೇಳಿದ್ದು ಮಾತ್ರ. ಏನಾದರೂ ಕೆಟ್ಟಾಗ ಹುಡುಕಬೇಕಾದ ಜಾಗ ತುಂಬ ಚಿಕ್ಕದಾಗಿರುತ್ತದೆ. ಅದಕ್ಕೆ ಕೊಡಬೇಕಾದ ಬೆಲೆಯೂ ಇದೆ: ದೊಡ್ಡ ಡೆಸ್ಕ್‌ಟಾಪ್ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವೆಲ್ಲ ಈಗ ನಿಮ್ಮದು.

ಐ3 ಬೇಕೆಂದರೆ ಡೆಬಿಯನ್ ಎಂಬ ಲಿನಕ್ಸ್‌ನ ನೆಟ್‌ಇನ್‌ಸ್ಟ್ ಇಮೇಜ್‌ನಿಂದ (ಉಳಿದದ್ದನ್ನು ಇಂಟರ್ನೆಟ್‌ನಿಂದ ತರುವ ಚಿಕ್ಕ ಇನ್‌ಸ್ಟಾಲರ್) ಶುರುಮಾಡಿ. ಡೆಸ್ಕ್‌ಟಾಪ್ ಆರಿಸುವ ಪರದೆಯಲ್ಲಿ ಎಲ್ಲ ಟಿಕ್ ತೆಗೆದು ‘ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್’ ಮಾತ್ರ ಬಿಡಿ. ಡೆಬಿಯನ್ 12ರಿಂದ ವೈಫೈ ಕಾರ್ಡ್ ಓಡಿಸುವ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ಆಮೇಲೆ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಕ್ಸಾರ್ಗ್ ಮತ್ತು ಐ3 ಹಾಕುವಾಗ ಬಹಳ ಜನ, ಶಿಫಾರಸಾದ ಜೊತೆ ಪ್ಯಾಕೇಜ್‌ಗಳು ಬೇಡ ಎನ್ನುವ ‘ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಆಯ್ಕೆ ಕೊಡುತ್ತಾರೆ. ಅದನ್ನು ಕೊಟ್ಟರೆ ಆ್ಯಪ್ ತೆರೆಯುವ ಮೆನುವಾದ ಡಿಮೆನು ಬರುವುದಿಲ್ಲ. ಲಾಗಿನ್ ಆಗಿ ಸ್ಟಾರ್ಟ್‌ಎಕ್ಸ್ ಕಮಾಂಡ್‌ನಿಂದ ಐ3 ತೆರೆದರೆ ಕಪ್ಪು ಪರದೆ, ಮೆನುವಿನ ಕೀ ಒತ್ತಿದರೂ ಏನೂ ತೆರೆಯದು. ಕಂಟ್ರೋಲ್-ಆಲ್ಟ್-ಎಫ್2 ಒತ್ತಿ ಕನ್ಸೋಲ್‌ಗೆ ಹೋಗಿ ಡಿಮೆನು ಬದಲು ಅಂಥದ್ದೇ ಮೆನುವಾದ ರೋಫಿ ಹಾಕಿಕೊಳ್ಳಿ. ರೋಫಿಯನ್ನು ಯಾವ ಕೀಗೆ ಕೊಡಬೇಕೆಂದು ಐ3ಯ ಸೆಟ್ಟಿಂಗ್ ಫೈಲಾದ ಕಾನ್ಫಿಗ್‌ನಲ್ಲಿ ನೀವೇ ಬರೆಯಬೇಕು.

ಮುಂದಿನ ತೊಡಕು ನೆಟ್‌ವರ್ಕ್. ಡೆಸ್ಕ್‌ಟಾಪ್ ಇಲ್ಲದೆ ಇನ್‌ಸ್ಟಾಲ್ ಮಾಡಿದಾಗ ಇನ್‌ಸ್ಟಾಲರ್ ವೈಫೈ ವಿವರವನ್ನು ಇಟಿಸಿ ಒಳಗಿನ ನೆಟ್‌ವರ್ಕ್ ಫೋಲ್ಡರಿನ ‘ಇಂಟರ್‌ಫೇಸಸ್’ ಫೈಲಿಗೆ ಬರೆದಿರುತ್ತದೆ. ಆಮೇಲೆ ವೈಫೈ ಆರಿಸಲು ಅನುಕೂಲವಾದ ನೆಟ್‌ವರ್ಕ್ ಮ್ಯಾನೇಜರ್ ಹಾಕಿದರೆ ಅದು ಆ ಕಾರ್ಡನ್ನು ‘ಅನ್‌ಮ್ಯಾನೇಜ್ಡ್’ ಎಂದು ತೋರಿಸಿ ಮುಟ್ಟುವುದೇ ಇಲ್ಲ. ಆ ಫೈಲಿನಲ್ಲಿ ‘ಎಲ್‌ಒ’ (ಕಂಪ್ಯೂಟರಿನ ಒಳಗಿನ ನೆಟ್‌ವರ್ಕ್) ಸಾಲುಗಳನ್ನು ಮುಟ್ಟದೆ ವೈಫೈ ಸಾಲುಗಳ ಮುಂದೆ ಹ್ಯಾಷ್ (#) ಹಾಕಿ ರೀಬೂಟ್ ಮಾಡಿ.

ಐ3ಯ ಮೂಲ ಕಾನ್ಫಿಗ್‌ನಲ್ಲಿ ಎನ್‌ಎಂ-ಆ್ಯಪ್ಲೆಟ್ (ವೈಫೈ ಐಕಾನ್), ಎಕ್ಸ್‌ಎಸ್‌ಎಸ್-ಲಾಕ್ (ಪರದೆಗೆ ಬೀಗ), ಪಿಎಕ್ಟಿಎಲ್ (ವಾಲ್ಯೂಮ್) ಹೆಸರುಗಳು ಇರುತ್ತವೆ. ಅವು ಇನ್‌ಸ್ಟಾಲ್ ಆಗಿವೆ ಎಂದು ಅದನ್ನು ನೋಡಿ ಅಂದುಕೊಳ್ಳಬೇಡಿ. ಇಲ್ಲದಿದ್ದರೆ ಯಾವ ದೂರೂ ಹೇಳದೆ ಐ3 ಮುಂದೆ ಹೋಗುತ್ತದೆ. ಎಕ್ಸ್‌ಎಸ್‌ಎಸ್-ಲಾಕ್ ಇಲ್ಲದಿದ್ದರೆ ಲಿಡ್ ಮುಚ್ಚಿದಾಗ ಲ್ಯಾಪ್‌ಟಾಪ್ ಮಲಗುತ್ತದೆ, ತೆರೆದಾಗ ಪಾಸ್‌ವರ್ಡ್ ಕೇಳದೆ ಎಲ್ಲ ತೋರಿಸುತ್ತದೆ. ಮೆಟ್ರೋದಲ್ಲೋ ಕೆಫೆಯಲ್ಲೋ ಲ್ಯಾಪ್‌ಟಾಪ್ ತೆಗೆಯುವವರು ಇದನ್ನು ಮೊದಲ ದಿನವೇ ಸರಿಮಾಡಬೇಕು. ವಾಲ್ಯೂಮ್ ಕೀ ಕೆಲಸ ಮಾಡದಿದ್ದರೆ ಪಲ್ಸ್ಆಡಿಯೋ-ಯುಟಿಲ್ಸ್ ಪ್ಯಾಕೇಜ್ ಬೇಕು, ಸೌಂಡೇ ಇಲ್ಲದಿದ್ದರೆ ಪೈಪ್‌ವೈರ್-ಆಡಿಯೋ. ಡಿಸ್ಕ್ ವಿಭಾಗಿಸುವ ಜಿಪಾರ್ಟೆಡ್‌ನಂಥವು ಪಾಸ್‌ವರ್ಡ್ ಕೇಳದೆ ಸುಮ್ಮನೆ ಮುಚ್ಚಿಕೊಂಡರೆ ಪಾಸ್‌ವರ್ಡ್ ಕೇಳುವ ವಿಂಡೋ ತೋರಿಸುವ ಎಲ್‌ಎಕ್ಸ್‌ಪೋಲ್ಕಿಟ್ ಹಾಕಿ, ಕಾನ್ಫಿಗ್‌ಗೆ ಅದನ್ನು ಶುರುಮಾಡುವ ಒಂದು ‘ಎಕ್ಸೆಕ್’ ಸಾಲು ಸೇರಿಸಿ.

ಕನ್ನಡದ ವಿಷಯಕ್ಕೆ ಮಾತ್ರ ಸ್ವಲ್ಪ ಸಮಯ ಕೊಡಲೇಬೇಕು. ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಬರೀ ಚೌಕಗಳು. ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು ಫಾಂಟ್‌ಗಳು ಬರುತ್ತವೆ. ನೋಟೋ ಕನ್ನಡ ಬೇಕಿದ್ದರೆ ‘ಫಾಂಟ್ಸ್-ನೋಟೋ-ಕೋರ್’. ಫಾಂಟ್ ಇದ್ದೂ ಡಿಮೆನು ಮತ್ತು ಎಕ್ಸ್‌ಟರ್ಮ್ ಎಂಬ ಟರ್ಮಿನಲ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ. ಅವು ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ ಬರೆಯುತ್ತವೆ. ರೋಫಿ ಅಕ್ಷರಗಳನ್ನು ಸರಿಯಾಗಿ ಕೂಡಿಸುವ ಪ್ಯಾಂಗೊ ಲೈಬ್ರರಿ ಬಳಸುವುದರಿಂದ ‘ಲೆಕ್ಕಪತ್ರ’ ಎಂಬ ಫೈಲ್ ಹೆಸರು ಸರಿಯಾಗಿ ಕಾಣುತ್ತದೆ. ರೋಫಿ ಹಾಕಿಕೊಳ್ಳಿ ಎಂದಿದ್ದು ಇದಕ್ಕೇ. ಐ3 ಕಾನ್ಫಿಗ್‌ನಲ್ಲೂ ಫಾಂಟ್ ಸಾಲು ‘ಪ್ಯಾಂಗೊ’ ಎಂದೇ ಶುರುವಾಗಲಿ.

ಟೈಪಿಂಗ್‌ಗೆ ಐಬಸ್ (ಟೈಪಿಂಗ್ ಭಾಷೆ ಬದಲಿಸುವ ಸಾಧನ) ಮತ್ತು ಅದಕ್ಕೆ ಕನ್ನಡ ಕೀಲಿಮಣೆಗಳನ್ನು ಕೊಡುವ ಐಬಸ್-ಎಂ17ಎನ್ ಹಾಕಿ, ಐಬಸ್ ಸೆಟಪ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಆರಿಸಿ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೀಲಿಮಣೆ ಇದು. ನುಡಿ ತಂತ್ರಾಂಶದಲ್ಲಿ ಪಳಗಿದ ಕೈಗೆ ಹೊಸದೆನಿಸದು. ಕನ್ನಡ ಒಂದು ಆ್ಯಪ್‌ನಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ: ಟೈಪಿಂಗ್‌ಗೆ ಐಬಸ್ ಬಳಸಿ ಎಂದು ಆ್ಯಪ್‌ಗಳಿಗೆ ಹೇಳುವ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಸೆಟ್ ಆಗಿಲ್ಲ. ‘ಐಎಂ-ಕಾನ್ಫಿಗ್’ ಕಮಾಂಡ್ ಅವನ್ನು ಸೆಟ್ ಮಾಡುತ್ತದೆ. ಆದರೆ ಹೋಮ್ ಫೋಲ್ಡರಿನಲ್ಲಿ ನಿಮ್ಮದೇ ‘.ಎಕ್ಸ್‌ಇನಿಟ್ಆರ್‌ಸಿ’ ಫೈಲ್ ಇದ್ದರೆ ಸ್ಟಾರ್ಟ್‌ಎಕ್ಸ್ ಆ ವೇರಿಯಬಲ್‌ಗಳನ್ನು ಸೆಟ್ ಮಾಡುವ ಡೆಬಿಯನ್‌ನ ಎಕ್ಸ್‌ಸೆಷನ್ ಹಂತವನ್ನು ಬಿಟ್ಟುಬಿಡುತ್ತದೆ, ಐಎಂ-ಕಾನ್ಫಿಗ್ ಮಾಡಿದ್ದು ವ್ಯರ್ಥವಾಗುತ್ತದೆ. ಆ ‘.ಎಕ್ಸ್‌ಇನಿಟ್ಆರ್‌ಸಿ’ ಅಳಿಸಿ ‘.ಎಕ್ಸ್‌ಸೆಷನ್’ ಫೈಲಿನಲ್ಲಿ ‘ಎಕ್ಸೆಕ್ ಐ3’ ಬರೆಯಿರಿ. ಇನ್ನೊಂದು ಘರ್ಷಣೆ ಸೂಪರ್-ಸ್ಪೇಸ್‌ನದು (ಸೂಪರ್ ಎಂದರೆ ವಿಂಡೋಸ್ ಗುರುತಿನ ಕೀ). ಭಾಷೆ ಬದಲಿಸಲು ಐಬಸ್‌ಗೂ ಅದೇ ಬೇಕು, ಐ3ಯ ಶಾರ್ಟ್‌ಕಟ್‌ಗಳಿಗೆ ಒತ್ತುವ ಮಾಡ್ ಕೀ ಸೂಪರ್ ಆಗಿದ್ದರೆ ಐ3ಗೂ ಅದೇ ಬೇಕು. ಐಬಸ್‌ನ ಶಾರ್ಟ್‌ಕಟ್ ಅನ್ನು ಕಂಟ್ರೋಲ್-ಸ್ಪೇಸ್ ಮಾಡಿ.

ಇಷ್ಟೆಲ್ಲ ಓದಿ ಸುಸ್ತೆನಿಸಿದವರಿಗೆ ಎಕ್ಸ್‌ಎಫ್‌ಸಿಇ ಒಳ್ಳೆಯ ಆಯ್ಕೆ, ಅದರಲ್ಲಿ ಕಳೆದುಕೊಳ್ಳುವುದು ಇನ್ನೂರರಿಂದ ನಾನೂರು ಎಂಬಿ ಅಷ್ಟೆ. ಮನೆಯ ಹಿರಿಯರು ಬಳಸುವ ಕಂಪ್ಯೂಟರಿಗೆ ಐ3 ಹಾಕುವುದನ್ನು ನಾನು ಒಪ್ಪುವುದಿಲ್ಲ. ಎರಡು ಮಾನಿಟರ್‌ಗೆ ಬೇರೆಬೇರೆ ಸ್ಕೇಲಿಂಗ್ (ಅಕ್ಷರ, ಚಿತ್ರಗಳ ಗಾತ್ರ) ಬೇಕಾದವರಿಗೂ ಕ್ಸಾರ್ಗ್ ಬದಲು ಬಂದ ವೇಲ್ಯಾಂಡ್ ಮೇಲಿನ ಗ್ನೋಮ್ ಅಥವಾ ಕೆಡಿಇ ಡೆಸ್ಕ್‌ಟಾಪ್ ವಾಸಿ.

ಐ3 ಇಟ್ಟುಕೊಂಡೇ ಔಟರ್ ರಿಂಗ್ ರೋಡಿನ ಆಫೀಸಿಗೆ ಹೋಗುವವರು ಮೊದಲೇ ಒಂದು ತಯಾರಿ ಮಾಡಿಕೊಳ್ಳಿ. ಮೀಟಿಂಗ್ ರೂಮಿನಲ್ಲಿ ಎಚ್‌ಡಿಎಂಐ ಚುಚ್ಚಿದರೆ ಐ3 ತಾನಾಗಿ ಏನೂ ಮಾಡುವುದಿಲ್ಲ. ಎಆರ್ಯಾಂಡ್ಆರ್ ಎಂಬ ಆ್ಯಪ್‌ನಲ್ಲಿ ಎರಡು ಪರದೆ ಜೋಡಿಸಿ ಸೇವ್ ಮಾಡಿದರೆ ಒಂದು ಸ್ಕ್ರಿಪ್ಟ್ ಸಿಗುತ್ತದೆ. ಅದನ್ನು ಮಾಡ್-ಪಿ ಕೀಗೆ ಕಟ್ಟಿ. ‘ಎಕ್ಸ್‌ರ್‍ಯಾಂಡ್ಆರ್ --ಆಟೊ’ ಎಂಬುದನ್ನು ಇನ್ನೊಂದು ಕೀಗೆ ಕಟ್ಟಿಡಿ, ಕೇಬಲ್ ಕಿತ್ತ ಮೇಲೆ ವಿಂಡೋಗಳು ಇಲ್ಲದ ಪರದೆಯಲ್ಲಿ ಉಳಿದುಹೋಗದಂತೆ.