ಸುರುವಿಗೆ ಎಲ್ಲಿ ಇತ್ತು?

ಫೋನ್ ಬಂದು ನಾವು ಬಾಂಬ್ ಸ್ಕ್ವಾಡ್‌ನವರು ಸ್ಥಳಕ್ಕೆ ಮುಟ್ಟುವ ಹೊತ್ತಿಗೆ, ಸಂಶಯ ಬಂದ ಆ ವಸ್ತುವನ್ನು ಯಾರಾದರೂ ಒಮ್ಮೆ ಎತ್ತಿ ಇಟ್ಟಾಗಿರುತ್ತದೆ. ಕಾಸರಗೋಡಿನ ತೋಟದ ಸೀಮೆಯಲ್ಲಿ ಕೆಲಸ ಮಾಡಿ ನಾನು ಕಲಿತ ದೊಡ್ಡ ವಿಷಯ ಇದು. ಸೂಟು, ಎಕ್ಸ್‌ರೇ, ದೂರದಿಂದ ಎಳೆಯುವ ಹುಕ್ಕು ಮತ್ತು ಹಗ್ಗ, ಇವೆಲ್ಲ ತರಬೇತಿಯಲ್ಲಿ ಕೈಗೆ ಬರುತ್ತವೆ. ಮೊದಲು ನೋಡಿದವರ ಹತ್ತಿರ ಹೇಗೆ ಮಾತಾಡಬೇಕು ಎಂಬುದನ್ನು ಊರಿನಲ್ಲೇ ಕಲಿಯಬೇಕು.

ಮುಳ್ಳೇರಿಯದಿಂದ ಒಳಗೆ ಒಂದು ಅಡಿಕೆ ತೋಟ. ಹುಲ್ಲು ತೆಗೆಯುವಾಗ ನೂಲು ಸುತ್ತಿದ ಉಂಡೆ ಸಿಕ್ಕಿದೆ ಅಂತ ಫೋನ್. ನೋಡಿದರೆ ಕಾಡುಹಂದಿಗೆ ಇಡುವ ಸಿಡಿಮದ್ದು. ಹಂದಿ ಕಚ್ಚಿದರೆ ಸಿಡಿಯುವಂಥದ್ದು. ಅದು ಪಂಪ್ ಶೆಡ್ಡಿನ ಜಗಲಿಯಲ್ಲಿ, ಅಡಿಕೆ ಹಾಳೆಯ ಮೇಲೆ ಕೂತಿತ್ತು.

"ಅಣ್ಣಾ, ಸುರುವಿಗೆ ಇದು ಎಲ್ಲಿ ಇತ್ತು?"

"ಇಲ್ಲಿಯೇ ಇತ್ತು ಸಾರ್" ಅಂದರು, ಹುಲ್ಲು ತೆಗೆದವರು.

ಹಾಳೆಯಲ್ಲಿ ಹಸಿ ಮಣ್ಣು, ಒಂದೆರಡು ಎಸಳು ಹುಲ್ಲು. ಜಗಲಿ ಒಣಗಿತ್ತು. ಎತ್ತಿ ತಂದದ್ದು ಗೊತ್ತಾಗುತ್ತದೆ, ಅಲ್ವಾ? ಆದರೂ ನಾನು ಒತ್ತಾಯ ಮಾಡಲಿಲ್ಲ. ಅವರಿಗೆ ಉಂಡೆಗಿಂತ ಜಾಸ್ತಿ ಹೆದರಿಕೆ ಖಾಕಿಯದ್ದು. ಮುಟ್ಟಿದ್ದೇನೆ ಅಂದರೆ ಕೇಸು ತಲೆಗೆ ಬರುತ್ತದೆ ಎಂಬ ಲೆಕ್ಕ. ಎಲ್ಲರನ್ನೂ ಗೇಟಿನ ಆಚೆ ಕಳಿಸಿ, ಅವರೊಬ್ಬರ ಜೊತೆ ರಸ್ತೆ ಬದಿಯಲ್ಲಿ ಕೂತೆ. ಈ ಸಲ ಹಂದಿ ಎಷ್ಟು ಬಾಳೆ ಕೆಡವಿತು, ಮರಗೆಣಸು ಏನಾದರೂ ಉಳಿಯಿತಾ ಅಂತ ತುಳುವಿನಲ್ಲಿ ಮಾತಾಡಿದೆ. ಸ್ವಲ್ಪ ಹೊತ್ತಿಗೆ ಅವರೇ ಹೇಳಿದರು: ಸಿಕ್ಕಿದ್ದು ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲಿ. ಅಂಥದ್ದೇ ಇನ್ನೊಂದು ಅಲ್ಲಿ ಇತ್ತು, ಅದನ್ನು ಮುಟ್ಟಲಿಲ್ಲ.

ಆ ಇನ್ನೊಂದರ ಮಾತು ಬರದಿದ್ದರೆ? ಮರುದಿನ ಬೆಳಿಗ್ಗೆ ಅಡಿಕೆ ಹೆಕ್ಕಲು ಹೆಂಗಸರು ಅದೇ ಜಾಗಕ್ಕೆ ಬರುವವರಿದ್ದರು. ನಮ್ಮ ಸ್ಕ್ವಾಡಿನ ನಾಯಿಯನ್ನು ತೋಡಿನ ಬದಿಗೆ ಬಿಟ್ಟೆವು. ತರಗೆಲೆಯ ರಾಶಿಯ ಹತ್ತಿರ ಅದು ಮೂಗು ಇಳಿಸಿ, ಬೊಗಳದೆ, ಕೆದಕದೆ ಸುಮ್ನೆ ಕೂತುಬಿಟ್ಟಿತು. ವಾಸನೆ ಸಿಕ್ಕಿದರೆ ಕೂರಬೇಕು, ಅದಕ್ಕೆ ಕಲಿಸಿರುವುದೇ ಹಾಗೆ. ಮುಂದಿನ ಕೆಲಸ ಸೂಟು ಹಾಕಿದ ಒಬ್ಬನದ್ದು. ಹತ್ತಿರ ಹೋಗುವುದು ಯಾವತ್ತೂ ಒಬ್ಬನೇ. ಮೂವತ್ತು ಕಿಲೋ ದಾಟುವ ಸೂಟು, ಬೇಸಗೆಯ ಬಿಸಿಲು. ಅವನಿಗೆ ಬೇಕಾದ ವಿವರ ಎಲ್ಲ ಮೊದಲೇ ನಮ್ಮ ಬಾಯಿಂದ ಸಿಗಬೇಕು. ಹೋದ ಮೇಲೆ ಹುಡುಕುತ್ತಾ ತಿರುಗುವ ಹಾಗಿಲ್ಲ.

ಜನ ಯಾಕೆ ಹೀಗೆ ಎತ್ತುತ್ತಾರೆ? ನಮ್ಮ ಊರಿನವರಿಗೆ ಮದ್ದಿನ ಸದ್ದು ಹೊಸತಲ್ಲ. ಕುಂಬಳೆ ಜಾತ್ರೆಯ ಬೆಡಿ, ಅಂದರೆ ಸುಡುಮದ್ದಿನ ಪ್ರದರ್ಶನ, ನೋಡಿ ಬೆಳೆದವರು ನಾವು. ದೊಡ್ಡ ಸದ್ದಿನ ಗರ್ನಾಲು ಪಟಾಕಿ ಯಾರಿಗೆ ಗೊತ್ತಿಲ್ಲ? ಆ ಸಲುಗೆಯೇ ನನಗೆ ಚಿಂತೆ. 2024ರ ಅಕ್ಟೋಬರ್ 28ರ ರಾತ್ರಿ ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ, ದೇವಸ್ಥಾನದ ಕಳಿಯಾಟದ (ತೆಯ್ಯಂ ಉತ್ಸವದ) ಹೊತ್ತಿಗೆ, ದಾಸ್ತಾನು ಇಟ್ಟ ಸುಡುಮದ್ದಿಗೆ ಕಿಡಿ ಬಿತ್ತು. 150ಕ್ಕೂ ಜಾಸ್ತಿ ಮಂದಿ ಗಾಯಗೊಂಡರು. ಅವರಲ್ಲಿ ಕೆಲವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ತಲಶ್ಶೇರಿ ಹತ್ತಿರದ ಎರಂಞೋಳಿಯಲ್ಲಿ, ಯಾರೂ ಇಲ್ಲದ ಮನೆಯ ಹಿತ್ತಲಿಗೆ ತೆಂಗಿನಕಾಯಿ ಹೆಕ್ಕಲು ಹೋದ ವೃದ್ಧರೊಬ್ಬರಿಗೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಅದು ಬಾಂಬ್. ತೆರೆಯಲು ಹೋಗಿ ಪ್ರಾಣ ಕಳೆದುಕೊಂಡರು. ಬಿದ್ದಿರುವ ಡಬ್ಬಿಯನ್ನು ತೆರೆದು ನೋಡಬೇಕು ಅನ್ನಿಸುವುದು ಯಾರಿಗಾದರೂ ಸಹಜವೇ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಂದಿ ಕಾಟ ಸುಳ್ಳಲ್ಲ, ಕೃಷಿಕರ ಕಷ್ಟ ನನಗೂ ಗೊತ್ತು. ಅಪಾಯ ಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರ ಪಂಚಾಯತಿಗೇ ಕೊಟ್ಟಿತು. ಆದರೆ ಅದರಲ್ಲೂ ವಿಷ, ಕರೆಂಟು, ಸಿಡಿಮದ್ದು ಕೂಡದು. ಹಂದಿಗೆ ಅಂತ ಇಟ್ಟದ್ದನ್ನು ದನ ಕಚ್ಚುತ್ತದೆ, ನಾಯಿ ಕಚ್ಚುತ್ತದೆ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನಲ್ಲಿ ಗಬ್ಬದ ಆನೆ ಬಾಯಿ ಒಡೆದುಕೊಂಡು ಹೊಳೆಯಲ್ಲಿ ನಿಂತೇ ಸತ್ತದ್ದು ಇಂಥದ್ದರಿಂದಲೇ.

ಈಗ ನಮ್ಮ ತಂಡದ ಹುಡುಗರಿಗೆ ನಾನು ಹೇಳುವುದು: "ಮುಟ್ಟಿದ್ದೀರಾ?" ಅಂತ ಕೇಳಬೇಡಿ, ಇಲ್ಲ ಅಂತಲೇ ಉತ್ತರ ಬರುತ್ತದೆ. ನಿನ್ನೆ ಇದು ಇಲ್ಲಿ ಇತ್ತಾ, ಎಷ್ಟು ಹೊತ್ತಿಗೆ ಕಂಡಿತು, ಆಗ ಹತ್ತಿರ ಯಾರಿದ್ದರು, ಇಂಥದ್ದೇ ಬೇರೆ ಎಲ್ಲಾದರೂ ಕಂಡಿತಾ ಅಂತ ಕೇಳಿ. ಗುಂಪಿನ ಎದುರು ಕೇಳಬೇಡಿ. ತೋಟದ ಧನಿಗಳ ಎದುರಂತೂ ಬೇಡವೇ ಬೇಡ. ಫೋನಿನಲ್ಲಿ ಫೋಟೋ ಇದೆಯಾ ಅಂತಲೂ ವಿಚಾರಿಸಿ. ತುಂಬಾ ಸಲ ಎತ್ತುವ ಮೊದಲಿನ ಫೋಟೋ ಅದರಲ್ಲೇ ಇರುತ್ತದೆ.

ಇನ್ನೊಂದು ಮಾತು. 1908ರ ಸ್ಫೋಟಕ ವಸ್ತುಗಳ ಕಾಯ್ದೆ ಹಿಡಿಯುವುದು ಅದನ್ನು ಮಾಡಿದವನನ್ನು, ಇಟ್ಟವನನ್ನು. ತೋಟದಲ್ಲಿ ಕಂಡು 112ಕ್ಕೆ ಫೋನ್ ಮಾಡಿದ ಕೂಲಿಯವರನ್ನಲ್ಲ. ಸ್ಥಳಕ್ಕೆ ಹೋದ ಕೂಡಲೇ ನಾನು ಮೊದಲು ಇದನ್ನು ಹೇಳುತ್ತೇನೆ. ಪ್ರಶ್ನೆ ಆಮೇಲೆ.