ಸೊಂಟದಲ್ಲಿ ಪಿಸ್ತೂಲು, ಎದುರಿಗೆ ನಾಕಾಬಂದಿ

ರಾತ್ರಿ ಗಬ್ಬೂರು ಬೈಪಾಸಿನಲ್ಲೋ ಬಂಕಾಪುರ ಟೋಲಿನ ಹತ್ತಿರವೋ ಪೊಲೀಸರು ಕೈ ಅಡ್ಡ ಹಿಡಿದರೆ ಅವರಿಗೆ ಬೇಕಿರುವುದು ಡಿಎಲ್, ಆರ್‌ಸಿ, ಇನ್ಶೂರೆನ್ಸ್. ನಿಮ್ಮ ಹತ್ತಿರ ಆಯುಧ ಇರುವುದು ಅವರಿಗೆ ಗೊತ್ತಿರುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಹೋಲ್‌ಸ್ಟರಿನಲ್ಲೋ (ಸೊಂಟಕ್ಕೆ ಕಟ್ಟುವ ಒರೆ) ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೂ ಇರಬೇಕು. ಅದು ಅವರ ಕಣ್ಣಿಗೆ ಬೀಳುವ ಮೊದಲು ನಿಮ್ಮ ಬಾಯಿಂದ ಕಿವಿಗೆ ಬೀಳಲಿ.

ಎಡ ಇಂಡಿಕೇಟರ್ ಹಾಕಿ ಗಾಡಿ ಸೈಡಿಗೆ ತನ್ನಿ, ಎಂಜಿನ್ ಆರಿಸಿ, ಒಳಗಿನ ಲೈಟ್ ಹಚ್ಚಿ, ಗಾಜು ಪೂರ್ತಿ ಇಳಿಸಿ. ಎರಡೂ ಕೈ ಸ್ಟೇರಿಂಗ್ ಮೇಲೆ. ಆಮೇಲೆ ಮಾತು: "ಸಾಹೇಬ್ರ, ನನ್ನ ಹತ್ರ ಲೈಸನ್ಸ್ ಇರೋ ಪಿಸ್ತೂಲ್ ಐತ್ರಿ, ಬಲಗಡೆ ಸೊಂಟದಾಗ. ಲೈಸನ್ಸ್ ಎಡಗಡೆ ಕಿಸೇದಾಗೈತಿ. ತಗೀಲ್ರಿ?" ಅವರು ಹೂಂ ಅಂದ ಮೇಲೆಯೇ ಕೈ ಅಲ್ಲಾಡಲಿ. ಆಯುಧ ಇರುವ ಕಡೆ ಲೈಸನ್ಸ್ ಇಡಲೇಬೇಡಿ. ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಆರ್‌ಸಿ ಜೊತೆ ಪಿಸ್ತೂಲು ಇಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ: ಕಾಗದ ತೆಗೆಯಲು ಖಾನೆ ತೆರೆದರೆ ಟಾರ್ಚ್ ಬೆಳಕಿಗೆ ಮೊದಲು ಕಾಣುವುದೇ ಅದು. ಧಾಬಾದಲ್ಲಿ ಊಟಕ್ಕೆ ಇಳಿದಾಗ ಅಲ್ಲೇ ಬಿಟ್ಟು ಹೋದರೆ ಹಿಡಿತದಲ್ಲಿರಬೇಕೆಂಬ ನಿಯಮವೂ ಮುರಿಯಿತು.

ಸೀಟ್ ಬೆಲ್ಟಿನ ಕೊಂಡಿ ಎಡ ಸೊಂಟದ ಹತ್ತಿರ ಇರುತ್ತದೆ. ಎಡಕ್ಕೆ ಹೋಲ್‌ಸ್ಟರ್ ಕಟ್ಟಿದವರು ಬೆಲ್ಟ್ ಬಿಚ್ಚಲು ಹೋದರೆ ಪಿಸ್ತೂಲಿಗೇ ಕೈ ಹಾಕಿದಂತೆ ಕಾಣುತ್ತದೆ. ಬೈಕಿನವರಿಗೆ ಅಪಾಯ ಹೆಲ್ಮೆಟ್‌ನಲ್ಲಿ. ಅದನ್ನು ತೆಗೆಯಲು ಕೈ ಎತ್ತಿದ ಕೂಡಲೇ ಅಂಗಿ ಮೇಲೇರಿ ಹಿಡಿಕೆ ಹೊರಗೆ ಇಣುಕುತ್ತದೆ. ಮೊದಲು ಹೇಳಿ, ಆಮೇಲೆ ಹೆಲ್ಮೆಟ್ ತೆಗೆಯಿರಿ.

ಆಯುಧ ತೋರಿಸಿ ಅಂದರೆ ನೀವಾಗಿ ಹೊರಗೆಳೆಯಬೇಡಿ, ಹೇಗೆ ಕೊಡಲಿ ಎಂದು ಕೇಳಿ. ಸಾಧ್ಯವಾದರೆ ಹೋಲ್‌ಸ್ಟರ್ ಸಮೇತ ಬಿಚ್ಚಿ ಕೊಡುವುದೇ ಕ್ಷೇಮ. ಖಾಲಿ ಮಾಡಿ ಅಂದರೆ ನಳಿಕೆ ಜನರಿಲ್ಲದ ಕಡೆ, ಬೆರಳು ಟ್ರಿಗರ್ ಹೊರಗೆ. ಮೊದಲು ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದಕ್ಕೆ ಎಳೆಯುವ ಭಾಗ) ಎಳೆಯಿರಿ. ಗಾಬರಿಯಲ್ಲಿ ಸ್ಲೈಡ್ ಮೊದಲು ಎಳೆದರೆ ಒಂದು ಗುಂಡು ಹೊರಗೆ ಬಿದ್ದು ಇನ್ನೊಂದು ಚೇಂಬರಿಗೆ, ಅಂದರೆ ಹಾರಲು ಸಿದ್ಧವಾಗಿ ಕೂರುವ ಗೂಡಿಗೆ, ಏರುತ್ತದೆ. ಮ್ಯಾಗಜೀನ್ ತೆಗೆದಾಗ ಖಾಲಿ ಎಂದು ಕಂಡರೂ ಒಳಗೆ ಗುಂಡು ಕೂತಿರುತ್ತದೆ. ಇಕ್ಕಟ್ಟಾದ ಕಾರಿನೊಳಗೆ ಈ ಕೆಲಸ ಬೇಡ, ಇಳಿದು ಮಾಡುತ್ತೇನೆ ಅನ್ನಿ.

ಲೈಸನ್ಸ್‌ನ ಅಸಲು ಪ್ರತಿಯೇ ಜೊತೆಗಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿ ಕೇಳಿದಾಗ ತೋರಿಸದಿದ್ದರೆ ಆಯುಧ ವಶಪಡಿಸಿಕೊಳ್ಳಬಹುದು. ಆಯುಧದ ನಂಬರ್, ಅವಧಿ, ಗುಂಡುಗಳ ಲೆಕ್ಕದ ಜೊತೆಗೆ ವ್ಯಾಪ್ತಿಯನ್ನೂ ನೋಡಿಕೊಳ್ಳಿ. ನಮ್ಮ ಕಡೆ ಹೆಚ್ಚು ಮಂದಿ ಮರೆಯುವುದು ಅದನ್ನೇ. ಗದಗ ಜಿಲ್ಲೆಗಷ್ಟೇ ಲೈಸನ್ಸ್ ಇದ್ದವರು ಹುಬ್ಬಳ್ಳಿಗೆ ಹೊರಟು ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ಧಾರವಾಡ ಜಿಲ್ಲೆಯೊಳಗೆ ಇರುತ್ತಾರೆ. ಷರತ್ತು ಮುರಿದರೆ 30ನೇ ಕಲಂ ಅಡಿ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾತ್ರೆ, ಮೆರವಣಿಗೆಗೆ ಹೊರಟವರಂತೂ ವಿಶೇಷ ಅನುಮತಿ ಇಲ್ಲದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ವಶಕ್ಕೆ ತೆಗೆದುಕೊಂಡರೆ ರಸ್ತೆಯಲ್ಲಿ ವಾದ ಬೇಡ. ಆಯುಧದ ನಂಬರ್, ಗುಂಡುಗಳ ಸಂಖ್ಯೆ, ಠಾಣೆ, ಸಮಯ ಬರೆದ ಸ್ವೀಕೃತಿ ಕೇಳಿ ಪಡೆದು, ಮರುದಿನವೇ ಅಸಲು ಲೈಸನ್ಸ್ ಹಿಡಿದು ಠಾಣೆಗೆ ಹೋಗಿ.