ಕೋಟೆ ಬಾಗಿಲಲ್ಲಿ ಒಂದು ಏಕವಚನ

"ಬಾರವ್ವ, ಬಿಸಿಲಾಗೆ ಯಾಕ್ ನಿಂತೀಯಾ, ಕುಂತ್ಕ" ಎಂದು ಅವ್ವ ತಾನು ಕೂತಿದ್ದ ಪ್ಲಾಸ್ಟಿಕ್ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಕ್ಕೆ ತಳ್ಳಿದಳು. ಎದುರಿಗೆ ನಿಂತಿದ್ದವರು ಫ್ರಾನ್ಸಿನಿಂದ ಬಂದ ಎಪ್ಪತ್ತೆಂಟರ ಅಜ್ಜಿ. ಅವರಿಗೆ ಕನ್ನಡ ಬರದು, ಅವ್ವನಿಗೆ ಕನ್ನಡ ಬಿಟ್ಟು ಬೇರೇನೂ ಬರದು. ನಡುವೆ ನಿಂತಿದ್ದೆ ನಾನು, ಹೈದರಾಬಾದಿನಲ್ಲಿ ಮೂರನೇ ವರ್ಷದ ಬಿ.ಎ. ಫ್ರೆಂಚ್ ಓದುತ್ತಿದ್ದವಳು. ಇದ್ದದ್ದು ಐದೇ ಪದ. ಅವನ್ನು ದಾಟಿಸಲು ನನಗೆ ಬಾಯಿ ಬರಲಿಲ್ಲ.

ನಮ್ಮದು ಚಿತ್ರದುರ್ಗ. ಕೋಟೆಗೆ ಹೋಗುವ ದಾರಿಯಲ್ಲಿ ಅವ್ವ ದೊಡ್ಡದೊಂದು ಛತ್ರಿ ನೆಟ್ಟುಕೊಂಡು ಹನ್ನೆರಡು ವರ್ಷದಿಂದ ಸೌತೆಕಾಯಿ, ಮಜ್ಜಿಗೆ, ಹುರಿದ ಶೇಂಗಾ ಮಾರುತ್ತಾಳೆ. ಓದಿದ್ದು ಮೂರನೇ ಇಯತ್ತೆ. ಈಗ ಬಸ್ಸಿನ ಬೋರ್ಡು ಓದುವುದೂ ಅವಳಿಗೆ ಕಷ್ಟ. ನಾನು ಫ್ರೆಂಚ್ ಓದುತ್ತೇನೆ ಎಂದಾಗ ಓಣಿಯವರೆಲ್ಲ "ಓದಿ ಏನ್ ಮಾಡ್ತೀಯಾ?" ಎಂದರು. ಅವ್ವ ಕೇಳಲಿಲ್ಲ. ಚೀಟಿ ಎತ್ತಿ ದುಡ್ಡು ಕೊಟ್ಟಳು. ಪಿಯುಸಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಸೇರಿಕೊಂಡೆ.

ಮೊದಲ ವರ್ಷ ನನ್ನ ಕೈ ಹಿಡಿದದ್ದು ಹೈಸ್ಕೂಲಿನ ಕನ್ನಡ ವ್ಯಾಕರಣ. ಗೆಳೆಯನಿಗೆ ಫ್ರೆಂಚಿನಲ್ಲಿ 'ಅಮಿ'. ಅದರ ಹಿಂದೆ ಇಂಗ್ಲಿಷಿನ 'ದಿ'ಯಂಥ 'ಲ' ಬಂದರೆ ನಡುವಿನ ಸ್ವರ ಬಿದ್ದುಹೋಗಿ 'ಲಮಿ' ಆಗುತ್ತದೆ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದ ಹಾಗೆ, ನೆಟ್ಟಗೆ ಲೋಪಸಂಧಿ. 'ಅವನ ಬಳಿ ಇದೆಯೇ' ಎನ್ನುವಾಗ 'ಅ' ಮತ್ತು 'ಇಲ್' ಎಂಬೆರಡರ ನಡುವೆ ಎಲ್ಲಿಂದಲೋ ಒಂದು ತಕಾರ ಬಂದು ಕೂರುತ್ತದೆ, ಗುರುವನ್ನು ಎನ್ನುವಾಗ ನಮ್ಮಲ್ಲಿ ವಕಾರ ಬರುವಂತೆ. ಪದದ ಕೊನೆಯಲ್ಲಿ ಬರೆದೂ ಉಚ್ಚರಿಸದ ಸಕಾರ, ಮುಂದೆ ಸ್ವರ ಬಂದೊಡನೆ ಎದ್ದು ಕೂತು 'ಲೇಝಮಿ', ಅಂದರೆ ಗೆಳೆಯರು, ಎನ್ನಿಸುತ್ತದೆ. ಬೇರೆ ರಾಜ್ಯದ ಗೆಳತಿಯರು ಇದನ್ನು ನಿಯಮವೆಂದು ಉರುಹೊಡೆಯುತ್ತಿದ್ದರೆ, ನನಗೆ ನಮ್ಮ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಲೋಪ, ಆಗಮ, ಆದೇಶ ಕಣ್ಣ ಮುಂದೆ ಬರುತ್ತಿದ್ದವು.

ಕಾಡಿದ್ದು ಲಿಂಗ. ಕನ್ನಡದಲ್ಲಿ ಜೀವವಿಲ್ಲದ್ದೆಲ್ಲ ನಪುಂಸಕ, ಅಲ್ಲಿಗೆ ಮುಗಿಯಿತು. ಅಲ್ಲಿ ಬಾಗಿಲು ಹೆಣ್ಣು, ಗೋಡೆ ಗಂಡು. ಮೇಜು, ಕುರ್ಚಿ ಹೆಣ್ಣಾದರೆ ಪುಸ್ತಕ ಗಂಡು. ಕೋಟೆಗೆ ಎರಡು ಪದ: ಒಂದು ಗಂಡು, ಇನ್ನೊಂದು ಹೆಣ್ಣು. ಸಂಖ್ಯೆಯಲ್ಲೂ ಬಹಳ ಅತ್ತಿದ್ದೇನೆ. ಎಂಬತ್ತಕ್ಕೆ ಅವರು 'ನಾಲ್ಕು ಇಪ್ಪತ್ತು' ಅನ್ನುತ್ತಾರೆ, ತೊಂಬತ್ತೊಂಬತ್ತಕ್ಕೆ 'ನಾಲ್ಕು ಇಪ್ಪತ್ತು ಹತ್ತೊಂಬತ್ತು'. ಕ್ಲಾಸಿನಲ್ಲಿ ಫೋನ್ ನಂಬರು ಹೇಳಿ ಬರೆಸಿದರೆ ನನ್ನ ಹಾಳೆ ತುಂಬ ಗೀಚು.

ಬೆವರದೆ ಕಲಿತ ಪಾಠವೆಂದರೆ 'ತ್ಯು' ಮತ್ತು 'ವೂ'. ನೀನು ಮತ್ತು ನೀವು. ಇಂಗ್ಲಿಷಿನ ದಾರಿಯಿಂದ ಬಂದವರಿಗೆ ಇದು ಕಗ್ಗಂಟು, ನಮಗೆ ಹುಟ್ಟಿನಿಂದ ಗೊತ್ತು. ಆದರೆ ಫ್ರೆಂಚಿನಲ್ಲಿ ಇದಕ್ಕೆ ಕ್ರಿಯಾಪದಗಳೇ ಇವೆ: ನೀನು ಎಂದು ಮಾತಾಡಿಸುವುದು 'ತ್ಯುತ್ವಾಯೇ', ನೀವು ಎನ್ನುವುದು 'ವೂವ್ವಾಯೇ'. ಇಬ್ಬರು ಹತ್ತಿರವಾದಾಗ ಒಬ್ಬರು "ಇನ್ನು ನಾವು ತ್ಯು ಅಂದುಕೊಳ್ಳೋಣವೇ?" ಎಂದು ಕೇಳುತ್ತಾರೆ. ನಮ್ಮಲ್ಲಿ 'ಏಕವಚನದಲ್ಲಿ ಮಾತಾಡಿದ' ಎನ್ನುವುದು ದೂರು. ಅಲ್ಲಿ ಅದು ಹಾಗೆ ಕೈ ಚಾಚಿ ಕೇಳುವ ಮಾತೂ ಹೌದು. ಇದನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ.

ಡಿಸೆಂಬರ್ ರಜೆಗೆ ಊರಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಕೋಟೆಯ ಗೈಡ್ ಒಬ್ಬರು ಅವ್ವನ ಅಂಗಡಿಗೆ ಓಡಿಬಂದರು. ಹನ್ನೊಂದು ಜನ ಫ್ರೆಂಚರು ಬಂದಿದ್ದಾರೆ, ಅವರ ದುಭಾಷಿ ಜ್ವರ ಬಂದು ಬೆಂಗಳೂರಿನಲ್ಲೇ ಉಳಿದಿದ್ದಾನೆ, ನಿನ್ನ ಮಗಳನ್ನು ಕಳಿಸು ಅಂದರು. ಹೋದೆ. ಮೊದಲ ಹತ್ತು ನಿಮಿಷ ಅವರಾಡಿದ್ದು ನನಗೆ ಅರ್ಧವೂ ತಿಳಿಯಲಿಲ್ಲ. ನಾವು ಓದಿದ ಫ್ರೆಂಚಿನಲ್ಲಿ 'ಇಲ್ಲ' ಎನ್ನಲು ಕ್ರಿಯಾಪದದ ಹಿಂದೊಂದು ಮುಂದೊಂದು ಪದ ಬೇಕು. ಇವರು ಮೊದಲನೆಯದನ್ನು ನುಂಗಿ, ಉಳಿದದ್ದನ್ನು ಅಂಟಿಸಿ, ಜಾರಿಸಿಬಿಡುತ್ತಿದ್ದರು. ನಮ್ಮೂರಿನಲ್ಲಿ 'ಹೋಗುತ್ತೇನೆ' ಎಂದು ಯಾರು ತಾನೇ ಅನ್ನುತ್ತಾರೆ? ಅದನ್ನು ನೆನೆಸಿಕೊಂಡ ಮೇಲೆ ಕಿವಿ ತೆರೆಯಿತು. ಏಳು ಸುತ್ತಿನ ಕೋಟೆ, ಆನೆ ನುಗ್ಗಿ ಗುದ್ದದಂತೆ ತಿರುವಿನಲ್ಲಿಟ್ಟ ಬಾಗಿಲು, ಮದ್ದು ಬೀಸುವ ಕಲ್ಲು, 1779ರಲ್ಲಿ ಹೈದರಾಲಿಗೆ ಸೋತ ಮದಕರಿ ನಾಯಕ, ಎಲ್ಲವನ್ನೂ ಹೇಳಿದೆ. ಕಲ್ಲು ಹೆಣ್ಣೋ ಗಂಡೋ ಎಂದು ಎರಡು ಸಲ ತಡವರಿಸಿದೆ.

ಅಷ್ಟರಲ್ಲಿ ಈ ಅಜ್ಜಿಗೆ ಮಂಡಿ ನೋವು ಬಂತು. ಉಳಿದವರನ್ನು ಗೈಡ್ ಮೇಲೆ ಕರೆದೊಯ್ದರು. ನಾನು ಅಜ್ಜಿಯ ತೋಳು ಹಿಡಿದು ಮೆಟ್ಟಿಲಿಳಿಸಿದೆ. ಅರ್ಧ ದಾರಿಯಲ್ಲಿ ಅವರು ನಿಂತು, "ನನಗೆ ತ್ಯು ಅನ್ನು, ತೋಳು ಹಿಡಿದವಳು ವೂ ಅನ್ನಬಾರದು" ಅಂದರು. ನನ್ನಿಂದಾಗಲಿಲ್ಲ. ಎಪ್ಪತ್ತೆಂಟರ ಹಿರಿಜೀವಕ್ಕೆ ನೀನು ಎನ್ನುವುದೆಂದರೆ ನಾಲಗೆ ತಿರುಗಬೇಡವೇ? ಕೆಳಗೆ ಬರುವವರೆಗೂ ವೂ, ವೂ ಅನ್ನುತ್ತಲೇ ಬಂದೆ.

ಕೆಳಗೆ ಅವ್ವ. "ಬಾರವ್ವ, ಕುಂತ್ಕ."

ನಾನು ಅದನ್ನು "ಮದಾಮ್, ದಯವಿಟ್ಟು ಕುಳಿತುಕೊಳ್ಳಿ" ಎಂದು ವೂ ಹಚ್ಚಿ ಹೇಳಿದೆ. ಅಜ್ಜಿ ಕೂರಲಿಲ್ಲ. ಅವ್ವನ ಮುಖವನ್ನೇ ನೋಡಿ, ನನ್ನ ಕಡೆ ತಿರುಗಿ, "ಆಕೆ ಹೇಳಿದ್ದು ಇದಲ್ಲ, ಅಲ್ಲವೇ?" ಎಂದು ಕೇಳಿದರು. ಭಾಷೆ ಬರದಿದ್ದರೂ ಅವರ ಕಿವಿಗೆ ಬಿದ್ದಿತ್ತು. ಆಗ ಇದ್ದದ್ದನ್ನು ಇದ್ದಂತೆ ಹೇಳಿದೆ: ನಮ್ಮವ್ವ ನಿಮಗೆ ತ್ಯು ಅಂದಳು, ಮತ್ತೆ ನಿಮ್ಮನ್ನು 'ಅವ್ವ' ಎಂದು ಕರೆದಳು. ನಮ್ಮ ಕಡೆ ದಾರಿಯಲ್ಲಿ ಸಿಕ್ಕ ಹೆಂಗಸನ್ನೂ ಹಾಗೇ ಕರೆಯುವುದು, ಅವ್ವನಿಗೆ ನೀನು ಎನ್ನದೆ ಇನ್ನೇನು ಅನ್ನುತ್ತಾರೆ? ಆಮೇಲೆ ಮತ್ತೆ ಅನುವಾದಿಸಿದೆ. ಬಾ, ಮಮಾಂ, ಕೂತುಕೋ. ತ್ಯುವಿನಲ್ಲೇ. ಫ್ರೆಂಚಿನಲ್ಲಿ ಅಪರಿಚಿತ ಹೆಂಗಸನ್ನು ಯಾರೂ ಮಮಾಂ ಎಂದು ಕರೆಯುವುದಿಲ್ಲ, ಹಾಗಾಗಿ ವ್ಯಾಕರಣ ಸರಿಯಿದ್ದರೂ ಅದು ಫ್ರೆಂಚೇ ಅಲ್ಲ. ಅಜ್ಜಿ ಕೂತರು. ಅವ್ವನ ಮಣಿಕಟ್ಟು ಹಿಡಿದುಕೊಂಡು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವ್ವನ ಕೈಯಲ್ಲಿ ಸೌತೆಕಾಯಿ ಹೆಚ್ಚುವ ಚಾಕು ಇತ್ತು, ಅದನ್ನು ಎಡಗೈಗೆ ದಾಟಿಸಿಕೊಂಡು ಬಲಗೈಯನ್ನು ಅವರಿಗೇ ಬಿಟ್ಟಳು.

ಆಮೇಲೆ ಅಜ್ಜಿ ಓಬವ್ವನ ಕತೆ ಕೇಳಿದರು. ಕಿಂಡಿ ನೋಡಲಾಗಲಿಲ್ಲವಲ್ಲ, ಕತೆಯಾದರೂ ಹೇಳು ಅಂದರು. ಕಹಳೆಯವನು ಊಟಕ್ಕೆ ಕೂತದ್ದು, ಹೆಂಡತಿ ನೀರು ತರಲು ಹೋದದ್ದು, ಕಿಂಡಿಯಲ್ಲಿ ತಲೆ ತೂರಿಸಿದ ಸೈನಿಕರು, ಅಲ್ಲಿಯವರೆಗೆ ಸರಿಯಾಗಿಯೇ ಬಂದೆ. ಒನಕೆಗೆ ನಿಘಂಟಿನಲ್ಲಿ ಸಿಗುವ ಪದ 'ಪಿಲೋಂ'. ಹೇಳಿದೆ. ಅಜ್ಜಿ ಗೊಂದಲದಿಂದ ಮುಷ್ಟಿ ಕಟ್ಟಿ, ಅಂಗೈಯೊಳಗೆ ಬೆಳ್ಳುಳ್ಳಿ ಜಜ್ಜುವಂತೆ ಮಾಡಿ ತೋರಿಸಿದರು. ಇಷ್ಟಕ್ಕೆ ಅಷ್ಟು ಜನ ಸತ್ತರೇ? ನಾನು ಉದ್ದ, ದಪ್ಪ, ಮರ ಎಂದು ಒಂದೊಂದೇ ಪದ ಪೋಣಿಸುತ್ತಿದ್ದಂತೆ ಅವ್ವ ಎದ್ದಳು. "ಏನ್ ಕೇಳ್ತೈತೆ ಆಯಮ್ಮ? ಒನಕೆನಾ?" ಎಂದವಳೇ ಛತ್ರಿಯ ಕೋಲನ್ನು ಕಿತ್ತು, ಕಚ್ಚೆ ಎಳೆದು ಕಟ್ಟಿ, ನೆಲಕ್ಕೆ ಕುಟ್ಟಿ ತೋರಿಸಿದಳು. ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಪ್ರತಿ ಏಟಿಗೂ ಹೂಂ, ಹೂಂ ಎಂಬ ಉಸಿರು. ಮದುವೆಗೆ ಮುಂಚೆ ನವಣೆ ಕುಟ್ಟಿದ ಕೈ ಅದು, ಲಯ ಮರೆತಿರಲಿಲ್ಲ. ಆಮೇಲೆ ಕೋಲನ್ನು ಅಡ್ಡ ತಿರುಗಿಸಿ ಕಿಂಡಿಯ ಕಡೆ ಬೀಸಿದಳು. ಅಜ್ಜಿಯ ಬಾಯಿ ಹಾಗೇ ತೆರೆದಿತ್ತು. ಛತ್ರಿ ನೆಲದಲ್ಲಿ ಬಿದ್ದಿತ್ತು, ಮೂವರ ಮೇಲೂ ಬಿಸಿಲು.

ಮಜ್ಜಿಗೆ ಕುಡಿಯುತ್ತ ಅವರು ತಮ್ಮ ತಾಯಿಯ ಮಾತು ತೆಗೆದರು. ಅವರದು ಫ್ರಾನ್ಸಿನ ಪಶ್ಚಿಮದ ತುದಿಯ ಬ್ರೆತಾಞ ಪ್ರಾಂತ. ತಾಯಿಗೆ ಶಾಲೆ ಸೇರುವ ತನಕ ಫ್ರೆಂಚ್ ಬರುತ್ತಿರಲಿಲ್ಲ, ಮನೆಮಾತು ಬ್ರೆತೋಂ. ಶಾಲೆಯಲ್ಲಿ ಬ್ರೆತೋಂ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಚಪ್ಪಲಿ ಕಟ್ಟುತ್ತಿದ್ದರಂತೆ. ಇನ್ನೊಂದು ಮಗು ಅದೇ ತಪ್ಪು ಮಾಡಿ ಸಿಕ್ಕಿಬೀಳುವವರೆಗೆ ಅದು ಕೊರಳಲ್ಲೇ ನೇತಾಡಬೇಕು. ಅದರ ಹೆಸರು 'ಸೆಂಬೋಲ್'. 1539ರಲ್ಲಿ ದೊರೆ ಕಾನೂನಿನ ಕಾಗದವೆಲ್ಲ ಫ್ರೆಂಚಿನಲ್ಲಿರಲಿ ಎಂದದ್ದು, 1635ರಲ್ಲಿ ಫ್ರೆಂಚ್ ಅಕಾಡೆಮಿ ಹುಟ್ಟಿದ್ದು ನನ್ನ ನೋಟ್ಸಿನಲ್ಲಿ ಕೆಂಪು ಗೆರೆ ಎಳೆಸಿಕೊಂಡಿದ್ದವು. ಕೊರಳಿನ ಚಪ್ಪಲಿಯನ್ನು ನಾನು ಬರೆದುಕೊಂಡಿರಲಿಲ್ಲ. ಅವ್ವನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮ ಓಣಿ ಹುಡುಗಂಗೆ ಕನ್ನಡ ಮಾತಾಡಿದ್ದಕ್ಕೆ ಐದು ರೂಪಾಯಿ ಫೈನ್ ಹಾಕಿದ್ರಲ್ಲ" ಅಂದಳು. ಸ್ವಲ್ಪ ತಡೆದು, "ಅವರವ್ವ ಅತ್ತಿದ್ಲಂತಾ, ಕೇಳು" ಅಂದಳು. ಕೇಳಿದೆ. ಅತ್ತಿದ್ದಳಂತೆ, ಆಮೇಲೆ ತನ್ನ ಮಕ್ಕಳಿಗೆ ಆ ಭಾಷೆ ಕಲಿಸಲೇ ಇಲ್ಲವಂತೆ. ಅಜ್ಜಿಗೆ ಉಳಿದದ್ದು ಕೆಲವೇ ಪದ. ಅದರಲ್ಲೊಂದು 'ಮಾಮ್', ತಾಯಿ. ಅವ್ವ ಕಣ್ಣರಳಿಸಿ, "ನಾವು ಕೂಸಿಗೆ ಉಣ್ಣಿಸುವಾಗ ಮಮ್ಮು ಅಂತೀವಲ್ಲ" ಅಂದಳು. ಅದನ್ನು ಅನುವಾದಿಸುವಾಗ ನಾನು ಅಜ್ಜಿಗೆ ತ್ಯು ಅನ್ನುತ್ತಿದ್ದೆನೆಂಬುದು ನನಗೇ ತಿಳಿಯಲಿಲ್ಲ. ಈಗಲೂ ಬರೆಯುವಾಗ ಕೈ 'ಅವರು' ಎಂದೇ ಬರೆಯುತ್ತದೆ, ಅಂದು ನಾಲಗೆಗೆ ಆ ಅಳುಕಿರಲಿಲ್ಲ.

ಫ್ರೆಂಚ್ ಕಾದಂಬರಿಕಾರ ಆಲ್ಬೇರ್ ಕಮೂ ನನಗೆ ಅಲ್ಲಿ ನೆನಪಾದ. ಎರಡನೇ ವರ್ಷದಲ್ಲಿ ಅವನ 1942ರ ಕಾದಂಬರಿಯ ಮೊದಲ ವಾಕ್ಯದ ಮೇಲೆ ನಮಗೆ ಒಂದು ತರಗತಿ ಪೂರ್ತಿ ಪಾಠವಾಗಿತ್ತು. ಅಲ್ಲಿ ತಾಯಿಗೆ ಅವನು ಬಳಸಿದ್ದು ಗಂಭೀರವಾದ ಪದವಲ್ಲ, ಮಮಾಂ. ಕನ್ನಡಕ್ಕೆ ತರುವುದಾದರೆ ತಾಯಿಯೋ, ಅಮ್ಮನೋ, ಅವ್ವನೋ ಎಂದು ನಾನು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಯೋಚಿಸಿದ್ದೆ. ಕಮೂವಿನ ತಾಯಿಗೆ ಓದು ಬರುತ್ತಿರಲಿಲ್ಲ, ಕಿವಿಯೂ ಮಂದ, ಅಲ್ಜೀರಿಯಾದಲ್ಲಿ ಮನೆಗೆಲಸ ಮಾಡಿ ಮಗನನ್ನು ಸಾಕಿದವಳು. 1960ರ ಜನವರಿ 4ರಂದು ಕಾರು ಅಪಘಾತದಲ್ಲಿ ಅವನು ಸತ್ತಾಗ ಜೊತೆಯಲ್ಲಿದ್ದ ಹಸ್ತಪ್ರತಿ 1994ರಲ್ಲಿ ಅಚ್ಚಾಯಿತು. ಅದರ ಅರ್ಪಣೆ ತಾಯಿಗೆ: ಈ ಪುಸ್ತಕವನ್ನು ಎಂದೂ ಓದಲಾರದ ನಿನಗೆ. ನಿಮಗೆ ಅಲ್ಲ, ನಿನಗೆ. ಮೊದಲ ಸಲ ಅದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಅವ್ವನಿಗೆ ಫೋನ್ ಮಾಡಿದ್ದೆ. ಯಾಕೆ ಮಾಡಿದೆ ಎಂದು ಹೇಳಲಾಗದೆ, ಊಟ ಆಯಿತಾ ಎಂದು ಕೇಳಿ ಇಟ್ಟಿದ್ದೆ.

ಮೂರು ಗಂಟೆಗೆ ಉಳಿದವರು ಇಳಿದು ಬಂದರು. ಅವ್ವ ಎಲ್ಲರಿಗೂ ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ಕೊಟ್ಟಳು. ಅಜ್ಜಿಯಿಂದ ಮಾತ್ರ ದುಡ್ಡು ಮುಟ್ಟಲಿಲ್ಲ. ಬಸ್ಸು ಹತ್ತುವಾಗ ಅಜ್ಜಿ ಅವ್ವನಿಗೆ ಏನೋ ಹೇಳಿದರು. ಅವ್ವನೂ ಕನ್ನಡದಲ್ಲಿ ಏನೋ ಹೇಳಿದಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ, ನಾನೂ ನಡುವೆ ಹೋಗಲಿಲ್ಲ.

ಸಂಜೆ ಟಾರ್ಪಾಲು ಮಡಚಿ, ಉಳಿದ ಸೌತೆಕಾಯಿ ಚೀಲಕ್ಕೆ ತುಂಬಿ ಮನೆಗೆ ಬಂದೆವು. ಅವ್ವ ದೀಪದಡಿ ಕೂತು ದಿನದ ಹತ್ತು ರೂಪಾಯಿಯ ನೋಟುಗಳನ್ನು ಎಣಿಸತೊಡಗಿದಳು. ಇಪ್ಪತ್ತಾದ ಕೂಡಲೇ ಒಂದು ಕಟ್ಟು, ರಬ್ಬರ್ ಬ್ಯಾಂಡು, ಮತ್ತೆ ಇಪ್ಪತ್ತು. ಹುಟ್ಟಿದಾಗಿನಿಂದ ನೋಡಿದ್ದೇನೆ, ನಮ್ಮಜ್ಜಿ ಕುಳ್ಳು ಎಣಿಸುತ್ತಿದ್ದದ್ದೂ ಹೀಗೇ.

"ನಾಲ್ಕಿಪ್ಪತ್ತು, ಮ್ಯಾಲೆ ಏಳು" ಅಂದಳು.

"ಕಾತ್ರ್ ವೆಂ ಸೆತ್" ಅಂದೆ.

"ಏನಂದೆ?"

"ಅದನ್ನೇ ಅಂದೆ ಕಣವ್ವ, ನೀನು ಅಂದದ್ದನ್ನೇ."